ಪಾರ್ಕ್ ಶುಲ್ಕ ಮತ್ತು ಒಂದು ಹಳೆಯ ಗೋಡೆ

ಆಫೀಸಿನ ಕೆಲಸದಲ್ಲಿ ನಗುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದು ತಾನಾಗಿಯೇ ಛತ್ರಿ ಮಡಚಿಕೊಂಡು ನಮ್ಮ ಮೇಜಿನ ಹತ್ತಿರ ಬರುತ್ತದೆ. ನಗಲು ನಮಗೆ ತ್ರಾಣವಿರುವುದಿಲ್ಲ, ಅಷ್ಟೆ.

ಅರುವತ್ತರ ದಶಕದಲ್ಲಿ ನಾನು ಮಂಗಳೂರಿನ ಒಂದು ಕಚೇರಿಯಲ್ಲಿ ಓವರ್ಸಿಯರ್. ಯಾರು ಹೊಸ ಮನೆ, ಅಂಗಡಿ ಕಟ್ಟಿದರೂ ಹೋಗಿ ಪಾರ್ಕ್ ಶುಲ್ಕ ಕೇಳುವುದು ನನ್ನ ಕೆಲಸ. ಆ ದುಡ್ಡಿನಲ್ಲಿ ಮಣ್ಣಗುಡ್ಡದಲ್ಲೊಂದು ಪಾರ್ಕು ಆಗಬೇಕಿತ್ತು. ನಮ್ಮದು ಅಲ್ಲೇ ಹತ್ತಿರ ಬಾಡಿಗೆ ಮನೆ. ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ. ಹೆಂಡತಿಗೆ ಉಬ್ಬಸ. ಸಂಜೆ ಹೊತ್ತು ಗಾಳಿಯಲ್ಲಿ ಕೂರಬೇಕು ಎಂದು ಡಾಕ್ಟರರು ಹೇಳಿದ್ದರು. "ನಿಮ್ಮ ಪಾರ್ಕು ಎಂತ ಆಯ್ತು?" ಎಂದು ಅವಳು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು.

ರಿಪೇರಿ

ಗದ್ದೆ ತೋಟವಿದ್ದ ಗುತ್ತಿನ ಮನೆಯ, ಅಂದರೆ ಹಳೆಯ ಜಮೀನ್ದಾರಿ ಮನೆತನದ, ಯಜಮಾನರೊಬ್ಬರು ಪೇಟೆಯಲ್ಲಿ ದೊಡ್ಡ ಮನೆ ಕಟ್ಟಿಸಿದರು. ಶುಲ್ಕ ಕೇಳಲು ಹೋದೆ.

"ಎಂತದ್ದು ಶುಲ್ಕ ಓವರ್ಸಿಯರ್ರೇ? ಇದು ಹೊಸ ಮನೆಯಾ? ರಿಪೇರಿ!"

ಒಳಗೆ ಕರೆದು ತೋರಿಸಿದರು. ಹಳೆಯ ಮನೆಯ ಕೆಂಪು ಮುರಕಲ್ಲಿನ ಗೋಡೆಯೊಂದನ್ನು ಹಾಗೇ ಉಳಿಸಿ, ಅದರ ಸುತ್ತ ಹೊಸ ಮನೆ ಎಬ್ಬಿಸಿದ್ದರು. ಒಂದು ಹಳೆಯ ಗೋಡೆ ನಿಂತಿದ್ದರೂ ನಮ್ಮ ನಿಯಮದಲ್ಲಿ ಅದು ರಿಪೇರಿಯೇ, ರಿಪೇರಿಗೆ ಶುಲ್ಕವಿಲ್ಲ. ಚಾ ಕುಡಿದು ಬಂದೆ. ಆದರೆ ಆ ಗೋಡೆ ಇದ್ದದ್ದು ಸರಿಯಾಗಿ ಹಾಲ್‌ನ ನಡುವೆ.

ಮಗಳ ನಿಶ್ಚಿತಾರ್ಥಕ್ಕೆ ನನ್ನನ್ನೂ ಕರೆದಿದ್ದರು. ಗಂಡಿನವರು ಗೋಡೆಯ ಆಚೆ, ಹೆಣ್ಣಿನವರು ಈಚೆ. ಹುಡುಗನ ಸೋದರಮಾವ ತಾಳ್ಮೆಗೆಟ್ಟು, "ಇದನ್ನು ಒಮ್ಮೆ ತೆಗೆಸಿ ಮಾರಾಯ್ರೆ" ಎಂದರು.

ನಾನು ಆಚೆ ಕೂತದ್ದು ಯಜಮಾನರಿಗೆ ಕಾಣಲಿಲ್ಲ. "ಸ್ವಲ್ಪ ತಡೀರಿ," ಎಂದರು, "ಆ ಓವರ್ಸಿಯರ್‌ಗೆ ಟ್ರಾನ್ಸ್‌ಫರ್ ಆಗ್ಲಿ."

ಸಾಮಾನು ಎಲ್ಲಿ?

ಫಳ್ನೀರಿನಲ್ಲಿ ಹೊಸ ಅಂಗಡಿ ಕಟ್ಟಿಸಿದ ಬ್ಯಾರಿ ಸಾಹುಕಾರರು ಮಾತ್ರ ಮರುಮಾತಿಲ್ಲದೆ ಶುಲ್ಕ ಕಟ್ಟಿದರು. ಅಂಥವರನ್ನು ಕಂಡರೆ ಕೈಮುಗಿಯಬೇಕು ಅನಿಸುತ್ತಿತ್ತು. ಆದರೆ ಅವರದು ವ್ಯಾಪಾರದ ಲೆಕ್ಕ: ದುಡ್ಡು ಕೊಟ್ಟಾಯಿತು, ಸಾಮಾನು ಎಲ್ಲಿ?

ಪ್ರತಿ ಶುಕ್ರವಾರ ನಮಾಜು ಮುಗಿಸಿ ನೇರ ಆಫೀಸಿಗೆ ಬರುತ್ತಿದ್ದರು. "ನನ್ನ ಪಾರ್ಕು ರೆಡಿ ಉಂಟಾ?"

ಒಂದು ದಿನ ಕಾಸರಗೋಡಿನ ಬೀಗರನ್ನೂ ಕರೆತಂದರು. ಬೇರೆ ದಾರಿ ಕಾಣದೆ ಎಲ್ಲರನ್ನೂ ಮಣ್ಣಗುಡ್ಡಕ್ಕೆ ಕರೆದುಕೊಂಡು ಹೋದೆ. ಮುಳ್ಳು ಪೊದೆ, ಒಂದು ಮುರುಕು ಗೋಡೆ, ಅದರ ನೆರಳಿನಲ್ಲೊಂದು ಆಡು. ಬೀಗರು ಸುತ್ತಲೂ ನೋಡಿ ಸಾಹುಕಾರರ ಕಡೆ ತಿರುಗಿದರು. ಸಾಹುಕಾರರಿಗೆ ಮಾನದ ಪ್ರಶ್ನೆ.

"ಈಗ ಆಡು ಬಂದಿದೆ," ಎಂದರು ಬೀಗರಿಗೆ, "ಇನ್ನು ಹುಲ್ಲು ಬರ್ತದೆ."

ಪಾರ್ಕಿಗೇ ಶುಲ್ಕ

ಕೊನೆಗೂ ಕೆಲಸ ಶುರುವಾಯಿತು. ಪೊದೆ ಕಡಿದರು, ಗಿಡ ನೆಟ್ಟರು. ಕೂರಲು ಹಂಚು ಹೊದಿಸಿದ ಮಾಡಿನ ಮಂಟಪದ ನಕ್ಷೆಯೂ ತಯಾರಾಯಿತು. ಅಷ್ಟರಲ್ಲಿ ನಮ್ಮ ಮೇಲಧಿಕಾರಿಗಳು ನನ್ನನ್ನು ಕರೆಸಿದರು.

"ಮಂಟಪ ಹೊಸ ಕಟ್ಟಡ ತಾನೇ? ಪಾರ್ಕ್ ಶುಲ್ಕ ಎಲ್ಲಿ?"

"ಸಾರ್, ಅದು ಪಾರ್ಕೇ."

"ಪಾರ್ಕಾದ್ರೆ? ನಿಯಮದಲ್ಲಿ ಪಾರ್ಕಿಗೆ ವಿನಾಯಿತಿ ಉಂಟಾ?"

"ಯಾರು ಕಟ್ಟುವುದು ಸಾರ್?"

"ಪಾರ್ಕಿನವರು."

"ಯಾವ ದುಡ್ಡಿನಿಂದ?"

"ಪಾರ್ಕ್ ಶುಲ್ಕದಿಂದ. ಆದರೆ ಆ ದುಡ್ಡಿನಿಂದ ಶುಲ್ಕ ಕಟ್ಟಲು ಮೇಲಿನಿಂದ ಮಂಜೂರಾತಿ ಬೇಕು. ಅಲ್ಲಿಯವರೆಗೆ ಕೆಲಸ ನಿಲ್ಲಿಸಿ."

ಆ ಸಂಜೆ ಮನೆಗೆ ಹೋಗಿ ಬಾಗಿಲಲ್ಲೇ ಕೂತು ನಡೆದದ್ದು ಹೇಳಿದೆ. ಮೇಲಿನ ಮಂಜೂರಾತಿ ಅಂದರೆ ವರ್ಷಗಟ್ಟಲೆ ಎಂದು ನನಗೆ ಗೊತ್ತಿತ್ತು. ಹೆಂಡತಿ ಎಲ್ಲ ಕೇಳಿಸಿಕೊಂಡಳು, ಒಂದಿಷ್ಟು ಕೆಮ್ಮಿದಳು, ಆಮೇಲೆ ಹೇಳಿದಳು:

"ಅಲ್ಲಿ ಒಂದು ಮುರುಕು ಗೋಡೆ ಉಂಟಲ್ಲ? ಆ ಗುತ್ತಿನವರ ಹಾಗೆ ರಿಪೇರಿ ಅಂತ ಮಾಡಿ."

ಇಷ್ಟು ವರ್ಷ ನಿಯಮ ಓದಿದವನಿಗೆ ಅದು ಹೊಳೆದಿರಲಿಲ್ಲ. ಮರುದಿನವೇ ನಕ್ಷೆ ಬದಲಾಯಿತು. ಗೋಡೆಯನ್ನು ನಡುವೆ ಇಟ್ಟು ಅದರ ಸುತ್ತ ಮಂಟಪ ಎದ್ದಿತು. ಮೇಲಧಿಕಾರಿಗಳು ಬಂದು ಗೋಡೆಯನ್ನು ಮುಟ್ಟಿ ನೋಡಿ, "ರಿಪೇರಿ, ಸರಿ" ಎಂದು ಒಪ್ಪಿದರು.

ಪಾರ್ಕು ತೆರೆದ ಸಂಜೆ ನಾವಿಬ್ಬರೂ ಹೋದೆವು. ಊರೆಲ್ಲ ಅಲ್ಲೇ ಇತ್ತು. ಸಾಹುಕಾರರು ಬೀಗರಿಗೆ ಒಂದೊಂದೇ ಗಿಡ ತೋರಿಸುತ್ತಿದ್ದರು. ಮಂಟಪದಲ್ಲಿ ಕಡಲ ಕಡೆಯ ಬೆಂಚಿನ ಮುಕ್ಕಾಲು ಪಾಲಿನಲ್ಲಿ, ಒಂದು ಕಾಸೂ ಕಟ್ಟದ ಗುತ್ತಿನ ಯಜಮಾನರ ಸಂಸಾರ. ಉಳಿದ ಒಂದೇ ಜಾಗದಲ್ಲಿ ಹೆಂಡತಿಯನ್ನು ಕೂರಿಸಿ, ನಾನು ಗೋಡೆಯ ಹಿಂದೆ ಹೋಗಿ ಕೂತೆ. ಬೆವರು ಇಳಿಯುತ್ತಿತ್ತು. ಆಚೆಯಿಂದ ಅವಳು ಆರಾಮವಾಗಿ ಉಸಿರಾಡುವುದು ಕೇಳಿಸಿತು. ಎಷ್ಟೋ ಕಾಲದ ಮೇಲೆ ನನಗೂ ಹಾಯೆನಿಸಿತು.

"ಎಷ್ಟು ಒಳ್ಳೆ ಗಾಳಿ!" ಎಂದಳು. "ಅಲ್ಲಿ ಉಂಟಾ?"

"ಇಲ್ಲ. ಗೋಡೆ ಅಡ್ಡ ಉಂಟು."

"ಹಾಗಾದ್ರೆ ಶುಲ್ಕ ಕಟ್ಟಿ ಈಚೆ ಬನ್ನಿ."