ಕೂಡುವ ಪರೀಕ್ಷೆ

ಹಳಿಯಾಳದ ಕರಕುಶಲ ಉನ್ನತಿ ಮಂಡಳಿಯ ನಿಯಮದಂತೆ, ಮಂಜೂರಾತಿಗೆ ಬಂದ ಪ್ರತಿ ಕುರ್ಚಿಯ ಮೇಲೂ ಒಬ್ಬ ಜವಾಬ್ದಾರಿಯುತ ಅಧಿಕಾರಿ ಕುಳಿತು, ಕುಳಿತದ್ದಾಗಿ ಸಹಿ ಮಾಡತಕ್ಕದ್ದು.

ಈರೇಶ ದೂರದ ಊರಿನಲ್ಲಿ ಪೀಠೋಪಕರಣ ವಿನ್ಯಾಸ ಓದಿ ಬಂದವನು. ಮನುಷ್ಯ ಹೇಗೆ ಕೂಡಬೇಕೆಂದು ಪ್ರಬಂಧ ಬರೆದು ಪದಕ ಪಡೆದಿದ್ದ; ಬರೆದದ್ದು ಮಾತ್ರ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು. ಅವನ ಕುರ್ಚಿಯ ನಕ್ಷೆಯಂತೆ ಸನವಳ್ಳಿಯ ಬಡಿಗ ಈಶಪ್ಪ ಸಾಗವಾನಿ ಕೆತ್ತಿದ, ರೂಪಿಬಾಯಿ ಬೆತ್ತ ಹೆಣೆದಳು. ಮಂಜೂರಾದರೆ ಇಬ್ಬರಿಗೂ ವರ್ಷವಿಡೀ ಕೆಲಸ. ಈರೇಶನಿಗಂತೂ ಯಾರಾದರೂ ಒಮ್ಮೆ ಕೂತು ‘ಹಾ’ ಅಂದರೆ ಸಾಕಿತ್ತು. ಆ ಒಂದು ‘ಹಾ’ಗಾಗಿ ಅವನ ಜೀವ ಬಾಯಿಗೆ ಬಂದಿತ್ತು.

ಪರೀಕ್ಷೆಯ ದಿನ ಈಶಪ್ಪ ತನ್ನ ಮನೆತನದ ರೂಢಿಯಂತೆ, ಹೊಸ ಕೆಲಸ ಒಪ್ಪಿಸುವ ಮೊದಲು ಕುರ್ಚಿಗೆ ವಿಭೂತಿ ಹಚ್ಚಿ, ಮಾಲೆ ಹಾಕಿ, ಕಚೇರಿಯಲ್ಲೇ ಕಾಯಿ ಒಡೆದ. ಅಧಿಕಾರಿ ಚನಬಸಪ್ಪ ಬಂದವರೇ ಚಪ್ಪಲಿ ಬಿಟ್ಟು ಕೈಮುಗಿದರು.

“ಕೂಡ್ರಿ ಸಾಹೇಬ್ರ,” ಎಂದ ಈರೇಶ.

“ಈಬತ್ತಿ ಹಚ್ಚಿದ್ದರ ಮ್ಯಾಲೆ ಹೆಂಗ ಕೂಡೂದೋ ತಮ್ಮಾ? ನನಗೂ ಹೆಂಡ್ರು ಮಕ್ಕಳು ಅದಾರ.”

“ಒರಸ್ತೇನ್ರಿ.”

“ಒರಸ್ತಾನಂತ!” ಈಶಪ್ಪ ಗದರಿದ. “ಕಲ್ತು ಕಲ್ತು ಕೆಟ್ಟಿ ನೋಡು.”

ಕಡತ ಮೇಲಕ್ಕೆ ಹೋಯಿತು. ಮೇಲಿನವರು ಬಂದು ಬಾಳೆಹಣ್ಣು ಇಟ್ಟು ಹೋದರು. ಆಮೇಲೆ ಆದೇಶ ಹೊರಟಿತು: “ಸದರಿ ಕುರ್ಚಿಯು ಕೂಡಲು ಯೋಗ್ಯವಾಗಿರುವುದಾಗಿಯೂ, ಕೂಡಲು ಯೋಗ್ಯರಾದವರು ಮಂಡಳಿಯಲ್ಲಿ ಲಭ್ಯವಿಲ್ಲವೆಂದೂ ಕಂಡುಬಂದಿರುತ್ತದೆ. ಯಾರೂ ಕೂಡದ ಕಾರಣ ಸವೆತವಿಲ್ಲ. ಆದ್ದರಿಂದ ಎಲ್ಲ ಕಚೇರಿಗಳಿಗೂ ಇದನ್ನೇ ಖರೀದಿಸತಕ್ಕದ್ದು. ಸಾರ್ವಜನಿಕರು ಇನ್ನು ಮುಂದೆ ತಮ್ಮ ಅಹವಾಲನ್ನು ಕುರ್ಚಿಯ ಮುಂದೆ ಇಡತಕ್ಕದ್ದು.”

ಜನ ಇಟ್ಟರು. ಕೆಲಸಗಳು ಮೊದಲಿಗಿಂತ ತಡವೇನೂ ಆಗಲಿಲ್ಲ. ಬೈಗುಳ ಮಾತ್ರ ಕಡಿಮೆಯಾಯಿತು ಎಂದು ಎಲ್ಲರೂ ಮೆಚ್ಚಿಕೊಂಡರು. ಈಶಪ್ಪನಿಗೆ ಉಸಿರಾಡಲು ಪುರುಸೊತ್ತಿಲ್ಲದಷ್ಟು ಕೆಲಸ ಬಂತು.

ಈರೇಶನಿಗೆ ಮಾತ್ರ ಆ ‘ಹಾ’ ಇನ್ನೂ ಸಿಕ್ಕಿರಲಿಲ್ಲ. ಒಮ್ಮೆಯಾದರೂ ಯಾರಾದರೂ ಕೂಡಬೇಕೆಂದು ಚನಬಸಪ್ಪನವರನ್ನು ಕೇಳಿಕೊಂಡ.

“ಅದನ್ನ ಕುರ್ಚಿ ಮುಂದ ಹೇಳ್ಕೋಪಾ,” ಎಂದರು ಅವರು.

ಯಾರೂ ಬೇಡ, ತಾನೇ ಕೂತುಬಿಡುತ್ತೇನೆಂದು ಈರೇಶ ನೆಟ್ಟಗೆ ಕುರ್ಚಿಯತ್ತ ನಡೆದ. ಸಾಲಿನಲ್ಲಿ ಪಿಂಚಣಿಯ ಅರ್ಜಿ ಹಿಡಿದು ನಿಂತಿದ್ದ ರೂಪಿಬಾಯಿ ಕೈ ಅಡ್ಡ ಹಾಕಿದಳು.

“ಏ ತಮ್ಮಾ, ಕಾಲಾಗ ಚಪ್ಪಲಿ! ಹಿಂದ ಹೋಗಿ ಪಾಳಿ ಹಚ್ಚು.”

“ಬಾಯೀ, ಇದನ್ನ ಹೆಣದಾಕಿ ನೀನ ಅಲ್ಲ?”

“ಅವಾಗ ಅದು ಬೆತ್ತ ಇತ್ತು.”

ಈರೇಶ ಚಪ್ಪಲಿ ಬಿಟ್ಟು ಹಿಂದೆ ಹೋಗಿ ನಿಂತ. ಪಾಳಿ ಬಂದಾಗ ಬೆನ್ನು ತಾನಾಗಿಯೇ ಬಾಗಿತು. ಯಾರೂ ಕೂಡಬಾರದೆಂದೇ ಹೀಗೆ ವಿನ್ಯಾಸ ಮಾಡಿದ್ದೇನೆ ಎಂದು ಹಿಂದಿನವರಿಗೆ ವಿವರಿಸಿ, ಪ್ರಸಾದದ ಬಾಳೆಹಣ್ಣು ತೆಗೆದುಕೊಂಡ.