ತೆರಿಗೆ ಕಟ್ಟಿಸೋ ನನ್ನ ಪಾಡು

ಇನ್‌ಕಮ್ ಟ್ಯಾಕ್ಸ್ ಲೆಕ್ಕ ಹಾಕೋದು ಕಷ್ಟ ಅಲ್ಲ ಕಣ್ರೀ, ಕಟ್ಟಿಸೋದು ಕಷ್ಟ. ಜಯನಗರದಲ್ಲಿ ಕಾಂಡಿಮೆಂಟ್ಸ್ ಅಂಗಡಿ ಮೇಲೆ ನಂದೊಂದು ಪುಟ್ಟ ಆಫೀಸು, ಜನರ ರಿಟರ್ನ್ ತುಂಬಿ ಕೊಡೋದು ಕೆಲಸ. ನೆಟ್ ಬ್ಯಾಂಕಿಂಗು, ಯುಪಿಐ, ಕಾರ್ಡು, ಬ್ಯಾಂಕ್ ಕೌಂಟರು ಅಂತ ಸರ್ಕಾರ ಎಷ್ಟು ದಾರಿ ಮಾಡಿಟ್ಟರೂ ನಮ್ಮ ಜನ ತಮ್ಮದೇ ಒಂದು ಗಲ್ಲಿ ಹುಡುಕ್ಕೊಂಡು ಬರ್ತಾರೆ.

ಸೀಲು

ಹನುಮಂತನಗರದ ರಿಟೈರ್ಡ್ ಮೇಷ್ಟ್ರೊಬ್ಬರಿಗೆ ಆನ್‌ಲೈನಲ್ಲಿ ಟ್ಯಾಕ್ಸ್ ಕಟ್ಟಿ, ಚಲನ್ ಪ್ರಿಂಟ್ ತೆಗೆದು ಕೊಟ್ಟೆ. ಹಿಂದೆ ಮುಂದೆ ತಿರುಗಿಸಿ ನೋಡಿದ್ರು.

"ಸೀಲ್ ಎಲ್ಲಮ್ಮಾ?"

"ಆನ್‌ಲೈನಲ್ಲಿ ಸೀಲ್ ಇರಲ್ಲ ಸಾರ್."

"ಸೀಲ್ ಇಲ್ಲದ್ದು ರಸೀದಿನಾ?" ಅಂತ ಸೀದಾ ಬ್ಯಾಂಕಿಗೆ ಹೋದ್ರು. ಅವರೂ ಆಗಲ್ಲ ಅಂದ್ರಂತೆ. ಮರುವಾರ ಚಲನ್ ಹಿಡ್ಕೊಂಡು ನಗುನಗ್ತಾ ಬಂದ್ರು. ಮಧ್ಯದಲ್ಲಿ ನೇರಳೆ ಬಣ್ಣದ ದುಂಡು ಸೀಲು! ನೋಡಿದ್ರೆ ಅವರ ಬೀದಿ ದೇವಸ್ಥಾನದ್ದು. ಕಮಿಟಿ ಸೆಕ್ರೆಟರಿ ಇವರೇ.

"ಇನ್ನು ಯಾವ ಆಫೀಸರ್ ಬರ್ತಾನೋ ಬರ್ಲಿ," ಅಂದ್ರು. "ದೇವರ ಹತ್ರಾನೇ ಹೋಗಿ ಕೇಳ್ಕೊಳ್ಳಲಿ."

ಕೊನೇ ರೇಟು

ಸೀರೆ ಅಂಗಡಿ ಮಾಲೀಕರೊಬ್ಬರಿಗೆ ಇಷ್ಟು ಕಟ್ಟಬೇಕು ಅಂತ ಹೇಳಿದೆ.

"ಜಾಸ್ತಿ ಆಯ್ತು ಮೇಡಂ. ನೋಡ್ಕೊಂಡು ಹೇಳಿ."

"ಫಿಕ್ಸೆಡ್ ರೇಟು ಸಾರ್. ಕಾರ್ಡಾ, ಯುಪಿಐನಾ?"

ಅವರು ಬಾಗಿಲ ಕಡೆ ಒಂದ್ಸಲ ನೋಡಿ, ಕುರ್ಚಿ ಹತ್ತಿರ ಎಳ್ಕೊಂಡು, ಪಿಸುಗುಟ್ಟಿದ್ರು. "ಬಿಲ್ ಬೇಡ ಅಂದ್ರೆ ಎಷ್ಟಕ್ಕೆ ಬಿಡ್ತಾರೆ?"

ಲಕ್ಷ್ಮಿ

ಹುಳಿಮಾವು ಏರಿಯಾದ ಅಂಕಲ್ ಒಬ್ಬರು ಹಿಂದೆ ರಾಗಿ ಬೆಳೀತಿದ್ದ ಜಾಗದಲ್ಲಿ ಈಗ ನಾಲ್ಕು ಅಂತಸ್ತಿನ ಬಾಡಿಗೆ ಬಿಲ್ಡಿಂಗು. ಬಿಲ್ಡಿಂಗ್ ಅಂಕಲ್ ಹೆಸರಲ್ಲಿ, ಬಾಡಿಗೆ ಬೀಳೋದು ಆಂಟಿ ಅಕೌಂಟಿಗೆ. ಹೋದ ವರ್ಷ ಲೇಟಾಗಿ ದಂಡ ಬಿದ್ದಿತ್ತು. "ಈ ಸಲಾನೂ ಹಂಗಾದ್ರೆ ಬೇರೆಯವರ ಹತ್ರ ಹೋಗ್ತೀನಿ ಮೇಡಂ," ಅಂತ ಅಂಕಲ್ ಖಡಾಖಂಡಿತವಾಗಿ ಹೇಳಿದ್ರು. ಅವರು ಹೋದ್ರೆ ಅವರ ನೆಂಟರಿಷ್ಟರೆಲ್ಲ ಹೋದ ಹಾಗೇ. ನನ್ನ ಅರ್ಧ ಆಫೀಸು ಖಾಲಿ.

ಅದಕ್ಕೇ ಕೊನೇ ದಿನ ಸಂಜೆ ಲ್ಯಾಪ್‌ಟಾಪ್ ಹೊತ್ಕೊಂಡು ನಾನೇ ಅವರ ಮನೆಗೆ ಹೋದೆ. ಎಲ್ಲ ತುಂಬಿ, ಆಂಟಿ ಅಕೌಂಟಿಂದ ಟ್ಯಾಕ್ಸ್ ಕಟ್ಟೋಕೆ ಒತ್ತಿದೆ. ಆಂಟಿ ಫೋನಿಗೆ ಓಟಿಪಿ ಬಂತು.

"ಹೇಳಿ ಆಂಟಿ."

"ಹೇಳಲ್ಲ. ಇವತ್ತು ಶುಕ್ರವಾರ. ದೀಪ ಹಚ್ಚಾಯ್ತು. ಇನ್ನು ಲಕ್ಷ್ಮೀನ ಆಚೆ ಕಳಿಸಲ್ಲ."

"ಇವತ್ತು ಬಿಟ್ರೆ ಐದು ಸಾವಿರ ದಂಡ ಆಂಟಿ!"

"ದಂಡ ಕಟ್ಟೋದು ನಾಳೆ ತಾನೇ? ಶನಿವಾರ ಆದ್ರೆ ಧಾರಾಳವಾಗಿ ಕಟ್ತೀನಿ."

ಅಂಕಲ್ ತಲೆ ಮೇಲೆ ಕೈ ಹೊತ್ತು ಕೂತ್ರು. "ಓಟಿಪಿ ಹೇಳೇ ಮಾರಾಯ್ತಿ," ಅಂದ್ರೆ ಆಂಟಿ ಫೋನನ್ನೇ ಒಯ್ದು ದೇವರ ಮನೇಲಿಟ್ಟು ಬಾಗಿಲು ಹಾಕಿದ್ರು. ಯಾರ ಅಕೌಂಟಿಂದ ಕಟ್ಟಿದ್ರೂ ನಡೆಯುತ್ತಲ್ಲ, ಹಾಳಾಗ್ಲಿ ಅಂತ ನನ್ನ ಅಕೌಂಟಿಂದಾನೇ ಅಂಕಲ್ ಟ್ಯಾಕ್ಸ್ ಕಟ್ಟಿ, ರಿಟರ್ನೂ ಹಾಕ್ಬಿಟ್ಟೆ. ಅಂಕಲ್‌ಗೆ ಹೋದ ಜೀವ ಬಂತು. ನನಗೂ ಬಂತು ಅನ್ನಿ.

ಆಂಟಿಗೂ ಖುಷಿಯೋ ಖುಷಿ. "ನಿಮ್ಮ ದುಡ್ಡು ನಾಳೆ ಬೆಳಿಗ್ಗೆನೇ ಹಾಕ್ತೀನಿ," ಅಂತ ಕೂರಿಸಿ, ಅರಿಶಿನ ಕುಂಕುಮ ಕೊಟ್ಟು, ಪಕ್ಕದಲ್ಲೇ ಕೂತು ವಿಚಾರಿಸಿದ್ರು.

"ಇರೋದು ಸ್ವಂತ ಮನೆನಾ ಮೇಡಂ?"

"ಎಲ್ಲಿ ಆಂಟಿ, ಬಾಡಿಗೆ ಮನೆ."

ಆಂಟಿ ಲೊಚಗುಟ್ಟಿದ್ರು. "ಮತ್ತೆ? ಶುಕ್ರವಾರ ಸಂಜೆ ಹೊತ್ತು ಹಿಂಗೆ ಲಕ್ಷ್ಮೀನ ಆಚೆ ಕಳಿಸ್ತಾ ಕೂತ್ರೆ ಇನ್ನೇನಾಗುತ್ತೆ?"