ಉಪವಾಸ ಮಾಡುವ ಆಯಸ್ಕಾಂತ

ಏಕಸಂಬಿಯ ನನ್ನ ಮಾಮಾ ಅವರ ಮನೆಯಲ್ಲಿ ದೆವ್ವವಿಲ್ಲ. ಇದ್ದಿದ್ದರೇ ಒಳ್ಳೆಯದಿತ್ತು! ಅಲ್ಲಿರುವುದು ಆಯಸ್ಕಾಂತಗಳು, ಕೆಟ್ಟ ಸ್ಪೀಕರುಗಳಿಂದ ಬಿಚ್ಚಿದ ಕರಿ ಬಿಲ್ಲೆಗಳು. ಮೇಜಿನ ಮೇಲಿಟ್ಟ ಕೈಗಡಿಯಾರ ತಾನೇ ನಿಲ್ಲುತ್ತದೆ. ಯಾರೂ ಮುಟ್ಟದಿದ್ದರೂ ಸೂಜಿಗಳು ಮೂಲೆಯ ಕಡೆ ತೆವಳುತ್ತವೆ. ನನಗಂತೂ ಅಲ್ಲಿ ಒಬ್ಬನೇ ಕೂರಲು ಭಯ.

ಮಾಮಾ ಅವನ್ನು ಸಾಕುತ್ತಾರೆ. ನಮ್ಮದು ಜೈನರ ಮನೆತನ, ಹೊತ್ತು ಮುಳುಗುವ ಮೊದಲೇ ಊಟವಾಗಬೇಕು, ಆಯಸ್ಕಾಂತಗಳದ್ದೂ! ಒಂದೊಂದಕ್ಕೆ ಒಂದೊಂದು ಹಿಡಿ ಮೊಳೆ. ಚತುರ್ದಶಿಗೆ ಮೊಳೆಗಳನ್ನೆಲ್ಲ ಕಿತ್ತು ಉಪವಾಸ ಕೆಡವುತ್ತಾರೆ.

"ಉಪಾಸದಿಂದ ತಾಕತ್ತ ಬೆಳೀತೈತಿ, ಆ ತಾಕತ್ತಲೆ ಗಾಲಿ ತಿರಗಸಬೌದು," ಎನ್ನುತ್ತಾರೆ.

ನಾನು ಕಾಗವಾಡದಲ್ಲಿ ವಿಜ್ಞಾನದ ಮಾಸ್ತರ. ಸುಮ್ಮನಿರಲಾದೀತೇ?

"ಮಾಮಾ, ಅದು ತಾಕತ್ತ ತುಂಬಿಟ್ಟ ಕಣಜ ಅಲ್ರಿ. ಮೊಳಿ ಎಳಕೊಳ್ಳಾಗ ಎಷ್ಟ ಕೊಡ್ತೈತೋ, ಕೀಳಾಗ ಅಷ್ಟೂ ನಿಮ್ಮ ಕೈಯಿಂದ ವಸೂಲಿ ಮಾಡ್ತೈತಿ."

"ಇಪ್ಪತ್ತ ವರ್ಷ ಆತಲೇ, ನನ್ನ ಚುಂಬಕ ದಣದಿಲ್ಲ!"

"ಗ್ವಾಡಿ ಮೊಳಿನೂ ಕ್ಯಾಲೆಂಡರ್ ಹಿಡಕೊಂಡ ನಿಂತೈತಿ, ದಣದಿಲ್ಲ. ಅದರಿಂದ ಫ್ಯಾನ್ ತಿರಗತೈತೇನ್ರಿ?"

ಮಾಮಾ ಸಿಟ್ಟಾಗಿ ಆಯಸ್ಕಾಂತಕ್ಕೆ ಇನ್ನೊಂದು ಹಿಡಿ ಮೊಳೆ ಉಣಿಸಿದರು.

ಅವರ ಹಟಕ್ಕೆ ಕಾರಣವಿತ್ತು. ಮಾಮಿಗೆ ಉಸಿರಿನ ಕಾಯಿಲೆ. ಒಮ್ಮೆ ಕರೆಂಟು ಹೋಗಿ, ಉಸಿರಿಗೆ ಗಾಳಿ ಕೊಡುವ ಯಂತ್ರ ನಿಂತು, ಮಾಮಿಯ ತುಟಿ ನೀಲಿಯಾಗಿತ್ತು. ಆಮೇಲೆ ಆಕ್ಸಿಜನ್ ಸಿಲಿಂಡರ್ ತಂದಿಟ್ಟರು, ನಿಜ. ಆದರೂ ಮಾಮಾ ಸೈಕಲ್ಲಿನ ಗಾಲಿಗೆ ಆಯಸ್ಕಾಂತ ಕಟ್ಟಿ, ಕರೆಂಟಿಲ್ಲದೆಯೂ ಆ ಯಂತ್ರ ನಡೆಸುವಂಥ, ಎಂದೂ ನಿಲ್ಲದ ಚಕ್ರ ಮಾಡಲು ಕೂತರು. ಅದು ಅರ್ಧ ಸುತ್ತಿಗೇ ನಿಲ್ಲುತ್ತಿತ್ತು. ನಿಂತ ದಿನ ಮಾಮಾ ಊಟ ಬಿಡುತ್ತಿದ್ದರು. ಕಡ್ಡಿಯಂತಾಗಿದ್ದರು.

ಮೊನ್ನೆ ಮಧ್ಯಾಹ್ನ ಹೋದೆ. ಕರೆಂಟಿರಲಿಲ್ಲ. ಮಬ್ಬು ಪಡಸಾಲೆಯಲ್ಲಿ ಚಕ್ರ ತಿರುಗುತ್ತಿತ್ತು! ಹತ್ತಿರ ಯಾರೂ ಇಲ್ಲ. ಗಿರ್ ಎನ್ನುವುದು, ತುಸು ತಡೆಯುವುದು, ಮತ್ತೆ ಗಿರ್. ಥೇಟ್ ಉಸಿರಾಡಿದಂತೆ.

ಬಾಗಿಲಲ್ಲಿ ನಿಂತಿದ್ದ ಮಾಮಾ ಪಿಸುಗುಟ್ಟಿದರು: "ಮುಟ್ಟಬ್ಯಾಡ. ಹತ್ತ ಮಿನಿಟ್ ಆತು, ನಿಂತಿಲ್ಲ."

ಹೆದರಿ ಮಾಮಿಯ ಕೋಣೆಗೆ ಹೋದೆ. ಮೂಗಿಗೆ ಸಿಲಿಂಡರಿನ ನಳಿಗೆ. ಮಂಚಕ್ಕೆ ಹತ್ತಿದ, ಪಡಸಾಲೆಗೆ ತೆರೆಯುವ ಕಿಟಕಿಯಿಂದ ಚಕ್ರದ ಅಚ್ಚನ್ನು ಸುತ್ತಿ ಬಂದ ಒಂದು ಕರಿ ದಾರ. ಮಾಮಿ ಅದನ್ನು ಎಳೆಯುತ್ತಿದ್ದರು. ಎಳೆದು, ಏದುಸಿರು ಬಿಟ್ಟು, ಮತ್ತೆ ಎಳೆಯುತ್ತಿದ್ದರು.

"ಸುಮ್ಮಿರಪಾ," ಎಂದರು. "ಅವರ ಕಣ್ಣಿಗೆ ಪೊರಿ ಬಂದೈತಿ, ದಾರ ಕಾಣೂದಿಲ್ಲ. ಇದು ತಿರಗಿದ್ರ ಎರಡ ರೊಟ್ಟಿ ಉಣ್ತಾರ."

ದಾರ ಇಸಿದುಕೊಂಡೆ. "ನೀವ ಮಲಕ್ಕೋರಿ ಮಾಮಿ, ನಾ ಎಳೀತೀನಿ."

ಹೊರಗೆ ಮಾಮಾ ಚೀರಿದರು: "ಲೇ ಮಾಸ್ತರ! ಈಗ ಇನ್ನೂ ಜೋರ್ ಹಿಡೀತ ನೋಡಲೇ!"

"ಹೌದ್ರಿ ಮಾಮಾ," ಎಂದು ಒಳಗಿನಿಂದಲೇ ಕೂಗಿದೆ, "ನಂದ ತಪ್ಪಾತ್ರಿ."